ಕಾಡು ತಿಂದವರ ಮೊಮ್ಮಗಳು

ಆ ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಬಂದ ಮಕ್ಕಳೆಲ್ಲ ಒಂದು ಪಾಠವನ್ನು ಬಾಯಿಪಾಠ ಮಾಡಲೇಬೇಕಿತ್ತು. ಊರ ಹಿಂದಿನ ಗುಡ್ಡ ಒಂದು ಕಾಲದಲ್ಲಿ ದಟ್ಟ ಕಾಡಾಗಿತ್ತು, ಎಲ್ಲಿಂದಲೋ ಕುರಿ ಕಾಯುವವರು ಬಂದರು, ಅವರ ಕುರಿಗಳು ಒಂದು ಚಿಗುರೂ ಬಿಡದೆ ತಿಂದವು, ಗುಡ್ಡ ಬೋಳಾಯಿತು. ಇಷ್ಟೇ ಪಾಠ. ಬರೆದವರು ಅದೇ ಶಾಲೆಯ ಮೇಷ್ಟ್ರು. ತಾವೇ ಬರೆದು, ತಾವೇ ಕಲಿಸಿ, ತಾವೇ ಪ್ರಶ್ನೆ ಕೇಳಿ, ಸರಿ ಉತ್ತರಕ್ಕೆ ತಾವೇ ಬೆನ್ನು ತಟ್ಟುತ್ತಿದ್ದರು. ಒಳ್ಳೆಯ ಮನುಷ್ಯರೇ. ಮರಗಳ ಮೇಲೆ ಪ್ರಾಣ. ಆದರೆ ಅವರು ಹಿಡಿದ ಮೊಲಕ್ಕೆ ಮಾತ್ರ ಯಾವತ್ತೂ ಮೂರೇ ಕಾಲು.

ಆ ತರಗತಿಯಲ್ಲಿ ಕುರಿ ಕಾಯುವವರ ಮನೆಯ ಹುಡುಗಿ ಒಬ್ಬಳೇ ಇದ್ದಳು. ಪಾಠ ಮುಗಿದದ್ದೇ ತಡ, ಹಿಂದಿನ ಬೆಂಚಿನಿಂದ ಯಾರೋ "ಕಾಡು ತಿಂದವರ ಮೊಮ್ಮಗಳು!" ಎಂದರು. ತರಗತಿ ಘೊಳ್ಳೆಂದು ನಕ್ಕಿತು. ಮೇಷ್ಟ್ರು ಗದರಿಸಿದರು, ನಿಜ. ಆದರೆ "ಅವಳದ್ದೇನು ತಪ್ಪು, ತಿಂದವರು ಅವಳ ಹಿರಿಯರು ತಾನೇ" ಎಂದು ಗದರಿಸಿದರು. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಮನೆಗೆ ಬಂದಾಗ ಅಜ್ಜಿ ಒಂದು ಕುರಿಯನ್ನು ಮಗ್ಗುಲಾಗಿ ಕೆಡವಿ, ಮಂಡಿಯಲ್ಲಿ ಅದುಮಿಕೊಂಡು, ಬೆಳೆದ ಗೊರಸು ಕತ್ತರಿಸುತ್ತಿದ್ದಳು.

"ಅಜ್ಜೀ, ನಾವು ಕಾಡು ತಿಂದ್ವಾ?"

ಅಜ್ಜಿ ತಲೆ ಎತ್ತಲಿಲ್ಲ. "ಗೊತ್ತಿಲ್ಲ ಕಣೇ. ನಾನು ನೋಡಿದಾಗಿಂದ ಹುಲ್ಲೇ ಇದೆ. ನಮ್ಮಜ್ಜಿ ನೋಡಿದಾಗ್ಲೂ ಹುಲ್ಲೇ ಇತ್ತಂತೆ. ಅದಕ್ಕೂ ಮುಂಚಿನದ್ದು ನೋಡಿದೋರು ಯಾರು?"

ಬೇರೆ ಮಗುವಾಗಿದ್ದರೆ ಅಳುತ್ತಿತ್ತು, ಮರೆಯುತ್ತಿತ್ತು. ಇವಳು ಅಳಲೂ ಇಲ್ಲ, ಮರೆಯಲೂ ಇಲ್ಲ. ಯಾರು ನೋಡಿದ್ದಾರೆ ಎಂಬ ಆ ಪ್ರಶ್ನೆಯನ್ನು ಬಗಲಲ್ಲಿ ಇಟ್ಟುಕೊಂಡೇ ದೊಡ್ಡವಳಾದಳು, ದೊಡ್ಡ ಓದು ಓದಿದಳು. ನೋಡಿದವರು ಯಾರೂ ಇಲ್ಲದಿದ್ದರೂ ನೋಡಿದ್ದೊಂದು ಇದೆ ಎಂದು ಕಂಡುಕೊಂಡಳು. ಅದು ಗುಡ್ಡದ ಬುಡದ ಕೆರೆ.

ಕೆರೆಗೆ ಕಣ್ಣಿಲ್ಲ, ಹೊಟ್ಟೆ ಇದೆ. ಪ್ರತಿ ವರ್ಷ ಹುಲ್ಲು ಹೂ ಬಿಡುತ್ತದೆ, ಮರ ಹೂ ಬಿಡುತ್ತದೆ. ಅವುಗಳ ಪರಾಗ ಗಾಳಿಯಲ್ಲಿ ಹಾರಿ ಬಂದು ನೀರಿಗೆ ಬಿದ್ದು ಕೆಸರಿನಲ್ಲಿ ಹೂತುಹೋಗುತ್ತದೆ. ಮುಂದಿನ ವರ್ಷದ್ದು ಅದರ ಮೇಲೆ. ಪರಾಗದ ಕಣ ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಅದರ ಸಿಪ್ಪೆ ಮಹಾ ಹಟಮಾರಿ. ಮರಳನ್ನೇ ಕರಗಿಸುವ ಆಮ್ಲದಲ್ಲಿ ಮುಳುಗಿಸಿದರೂ "ಆಯ್ತಾ ನಿಮ್ಮದು?" ಎನ್ನುವ ಹಾಗೆ ಹಾಗೇ ಉಳಿಯುತ್ತದೆ. ಒಂದೊಂದು ಗಿಡದ ಕಣಕ್ಕೆ ಒಂದೊಂದು ರೂಪ. ಹುಲ್ಲಿನದು ಒಂದೇ ತೂತಿನ ಗುಂಡು, ಒಂದು ಮರದ್ದಕ್ಕೆ ಮೈತುಂಬ ಮುಳ್ಳು, ಇನ್ನೊಂದರದಕ್ಕೆ ಎರಡು ಕಿವಿ. ಮೇಲಿನಿಂದ ಕೆಳಕ್ಕೆ ಕೆಸರನ್ನು ತೆಗೆದು, ಪದರ ಪದರವಾಗಿ ಎಣಿಸುತ್ತ ಹೋದರೆ ಗುಡ್ಡದ ಮೇಲೆ ಯಾವ ಕಾಲಕ್ಕೆ ಏನು ಬೆಳೆದಿತ್ತೆಂದು ತಿಳಿಯುತ್ತದೆ. ಇನ್ನೊಂದು ಚಮತ್ಕಾರವೂ ಇದೆ. ಪ್ರಾಣಿಗಳ ಸಗಣಿ, ಹಿಕ್ಕೆಯ ಮೇಲೆ ಮಾತ್ರ ಬೆಳೆಯುವ ಒಂದು ಬೂಷ್ಟಿದೆ. ಅದರ ಬೀಜಕಣಗಳೂ ಕೆಸರಿಗೆ ಬೀಳುತ್ತವೆ. ಆ ಕಣ ಹೇರಳವಾಗಿ ಸಿಕ್ಕ ಪದರದಲ್ಲಿ ಮಂದೆ ಇತ್ತು, ಸಿಗದ ಪದರದಲ್ಲಿ ಇರಲಿಲ್ಲ. ಮನುಷ್ಯರ ಮಾತು ಹೇಗೋ ಏನೋ, ಕುರಿಹಿಕ್ಕೆ ಸುಳ್ಳು ಹೇಳುವುದಿಲ್ಲ.

ಹೀಗೆ ಹಗಲೆಲ್ಲ ಕೆಸರಿನ ಜೊತೆ ಒಡನಾಡಿ ಅವಳಿಗೆ ಪ್ರಯೋಗಾಲಯದಲ್ಲಿ ಕೆಸರಮ್ಮ ಎಂದೇ ಹೆಸರಾಯಿತು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಿನ್ನ ಮೊಸರು ಎಲ್ಲಿ?" ಎಂದು ಅಲ್ಲಿನ ಅಕ್ಕ ಕೆಣಕುತ್ತಿದ್ದಳು. ಈ ಅಕ್ಕ ಆಮ್ಲದ ಕೋಣೆಯ ಯಜಮಾನಿ. ಬಾಟಲಿ, ಸ್ಲೈಡು, ಬೀಗದ ಕೈ ಎಲ್ಲ ಅವಳ ವಶ. ಕಿಟಕಿ ಯಾವಾಗಲೂ ಮುಚ್ಚಿರಬೇಕು, ಹೂವಂತೂ ಒಳಗೆ ಬರಲೇಕೂಡದು. ಇವತ್ತಿನ ಹೂವಿನ ಒಂದು ಕಣ ಸಾವಿರಾರು ವರ್ಷದ ಕೆಸರಿಗೆ ಸೇರಿದರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಒಮ್ಮೆ ಯಾರೋ ಗಣ್ಯರು ಹೂಗುಚ್ಛ ಹಿಡಿದು ಬಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತು, "ಗುಚ್ಛ ಹೊರಗೆ, ನೀವು ಒಳಗೆ. ಇಲ್ಲಾಂದ್ರೆ ಇಬ್ಬರೂ ಹೊರಗೆ" ಎಂದಿದ್ದಳು.

ಇಷ್ಟು ಹೊತ್ತಿಗೆ ಊರಿನಲ್ಲಿ ಹಸಿರು ಸಮಿತಿ ಹುಟ್ಟಿಕೊಂಡಿತ್ತು. ಮುಂದಾಳು ಮೇಷ್ಟ್ರೇ. ನಿವೃತ್ತರಾಗಿದ್ದರೂ ದನಿ ನಿವೃತ್ತವಾಗಿರಲಿಲ್ಲ. ಗುಡ್ಡಕ್ಕೆಲ್ಲ ಬೇಲಿ ಹಾಕಬೇಕು, ಕುರಿಗಳನ್ನು ಹೊರಗಟ್ಟಬೇಕು, ಹಿಂದಿದ್ದ ಕಾಡನ್ನು ಮತ್ತೆ ಬೆಳೆಸಬೇಕು ಎಂಬುದು ಅವರ ಯೋಜನೆ. ಬೇಲಿ ಬಿದ್ದರೆ ಅಜ್ಜಿಯ ಮಂದೆಗೆ ಮೇಯಲು ಬೇರೆ ಜಾಗವಿರಲಿಲ್ಲ. ಕುರಿ ಮಾರಿ ಕೈಕಟ್ಟಿ ಕೂರಬೇಕಿತ್ತು. ಅದೂ ಕಾಡು ತಿಂದವರು ಎಂಬ ಹೆಸರನ್ನು ಕೊನೆತನಕ ಹೊತ್ತುಕೊಂಡು.

ಕೆಸರಮ್ಮ ಸಮಿತಿಯ ಮುಂದೆ ಹೋಗಿ ನಿಂತಳು. "ಹಿಂದೆ ಕಾಡಿತ್ತು ಅಂತೀರಿ. ಇತ್ತೋ ಇಲ್ವೋ ಕೆರೆ ಕೆಸರನ್ನೇ ಕೇಳೋಣ. ಏನು ಬಂದ್ರೂ ಮೊದಲು ನಿಮಗೇ ತೋರಿಸ್ತೀನಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಕೇಳಮ್ಮ, ಧಾರಾಳವಾಗಿ ಕೇಳು. ಆದ್ರೆ ಎಣಿಸೋಳು ನೀನು, ಕುರಿ ನಿಮ್ಮಜ್ಜಿದು."

ಆ ಮಾತು ನಾಟಿತು. ಅದಕ್ಕೇ ಅವಳು ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು. ಯಾವ ಬಾಟಲಿ ಯಾವ ಆಳದ್ದು ಎಂದು ತನಗೆ ಗೊತ್ತಾಗದ ಹಾಗೆ ಅಕ್ಕನಿಂದ ಬಾಟಲಿಗಳ ಸಾಲನ್ನು ಹಿಂದುಮುಂದು ಮಾಡಿಸಿಕೊಂಡು ಎಣಿಸುವುದೆಂದು ತೀರ್ಮಾನಿಸಿದಳು. "ನನ್ನ ಕಣ್ಣಿನ ಮೇಲೆ ನಂಬಿಕೆ ಇದೆ ಅಕ್ಕ. ಮನಸ್ಸಿನ ಮೇಲೆ ಇಲ್ಲ."

ಕೆಸರು ತೆಗೆದ ದಿನ ಬಿಸಿಲು ಚೆನ್ನಾಗಿತ್ತು. ಕೆರೆಯ ನಡುವೆ ತೆಪ್ಪ ನಿಲ್ಲಿಸಿ, ಒಂದೇ ತೂತಿನಲ್ಲಿ ಒಂದರ ಕೆಳಗೊಂದರಂತೆ ಮೂರು ಕೊಳವೆ ಕೆಸರು ಎತ್ತಿದರು. ಅವರ ಸಲಾಕೆ ಇಳಿಯುವುದು ಅಷ್ಟೇ ಆಳಕ್ಕೆ. ಮೇಲೆ ಬಂದ ಕೂಡಲೇ ಕೊಳವೆಯ ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ಕಪ್ಪು ಮುಚ್ಚಳ. ಆ ಮುಚ್ಚಳ ಹಾಕುವ ಕೆಲಸವನ್ನು ಕೆಸರಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಮೂರನೆಯ ಕೊಳವೆ, ಎಲ್ಲಕ್ಕಿಂತ ಹಳೆಯದು, ಪಚಕ್ಕೆಂದು ಮೇಲೆ ಬಂದಾಗ ಗುಡ್ಡದ ಮೇಲಿನಿಂದ ಒಂದು ಕೂಗು ಕೇಳಿತು. ಅಜ್ಜಿ ಮಂದೆಯ ನಡುವೆ ನಿಂತು ಸೆರಗು ಬೀಸುತ್ತಿದ್ದಳು. ಕೆಸರಮ್ಮನಿಗೆ ಎದೆ ಉಬ್ಬಿತು. ಕೊಳವೆಯನ್ನು ತೆಪ್ಪದ ಮೇಲೆ ಅಡ್ಡ ಮಲಗಿಸಿ, ಅದನ್ನು ದಾಟಿ ಗುಡ್ಡಕ್ಕೆ ಮುಖ ಮಾಡಿ ನಿಂತು, ಎರಡೂ ಕೈ ಎತ್ತಿ ಬೀಸಿದಳು. ಅಲ್ಲಿಂದಲೇ ಬಗ್ಗಿ ಮುಚ್ಚಳ ಹಾಕಿದಳು.

ಕೊಳವೆಗಳನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದರು. ಒಂದು ಹೋಳು ಪದರ ಪದರವಾಗಿ ಬಾಟಲಿ ಸೇರಿತು, ಪರೀಕ್ಷೆಗೆ. ಇನ್ನೊಂದನ್ನು ಸುತ್ತಿ ತಣ್ಣನೆಯ ಕೋಣೆಗೆ ಸೇರಿಸಿದರು. ಕೆಸರು ಎಷ್ಟು ವರ್ಷ ಹಳೆಯದೆಂದು ತಿಳಿಯಲು ಪ್ರತಿ ಕೊಳವೆಯ ನಟ್ಟನಡುವಿನ ಒಂದು ಚೂರನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಆಮೇಲೆ ಎಣಿಕೆ. ಋತುಗಳು ಬದಲಾದವು, ಕೆಸರಮ್ಮನ ಕುರ್ಚಿ ಬದಲಾಗಲಿಲ್ಲ. ಕತ್ತು ಹಿಡಿದುಕೊಂಡಿತು, ಕನಸಿನಲ್ಲೂ ಹುಲ್ಲಿನ ಗುಂಡುಗಳೇ ಉರುಳಿದವು.

ಎಣಿಕೆ ಮುಗಿದು ಅಕ್ಕ ಬಾಟಲಿಗಳನ್ನು ಆಳದ ಪ್ರಕಾರ ಸಾಲಾಗಿ ಜೋಡಿಸಿದಳು. ಇಬ್ಬರೂ ಕೂತು ನೋಡಿದರು.

ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಹಳೆಯ ಕೆಸರಿನಲ್ಲೇ ಹಿಕ್ಕೆಯ ಬೂಷ್ಟು ತುಂಬಿ ತುಳುಕುತ್ತಿತ್ತು. ಅಂದರೆ ಮೊದಲಿನಿಂದಲೂ ಮಂದೆ, ಕುರಿಗೂ ಮುಂಚಿನ ಹುಲ್ಲು ಎಲ್ಲೂ ಇಲ್ಲ. ಮೇಲೆ ಬರುತ್ತ ಬರುತ್ತ ಬೂಷ್ಟು ಕಡಿಮೆಯಾಗಿ ಇಲ್ಲವಾಯಿತು. ಅಲ್ಲಿ ಹುಲ್ಲಿನ ನಡುವೆ ಮರದ ಪರಾಗ ಕಾಣಿಸಿಕೊಂಡಿತ್ತು, ಕಾಡು ಮರಳಲು ಶುರುವಾದ ಹಾಗೆ. ಎರಡನೆಯ ಕೊಳವೆ ಶುರುವಾದ ಕೂಡಲೇ ಮತ್ತೆ ಬೂಷ್ಟು, ಮರ ಮಾಯ.

"ಕುರಿ ಹೋದಾಗ ಮರ ಬಂತು, ಕುರಿ ಬಂದಾಗ ಮರ ಹೋಯ್ತು," ಎಂದಳು ಕೆಸರಮ್ಮ.

ಕೊಟ್ಟ ಮಾತು ಕೊಟ್ಟದ್ದೇ. ಮಾರನೆಯ ದಿನವೇ ಹೋಗಿ ಮೇಷ್ಟ್ರಿಗೆ ತೋರಿಸಿದಳು. ಅವರು ಹಿಗ್ಗಿದರು. ಆದರೆ ಅವಳನ್ನು ಹಂಗಿಸಲಿಲ್ಲ. "ಮುಚ್ಚಿಡದೆ ತಂದು ತೋರಿಸಿದೆಯಲ್ಲ, ನನ್ನ ಶಿಷ್ಯೆ ಅಂತ ಹೆಮ್ಮೆ ಆಗುತ್ತೆ" ಎಂದರು. ಬೈದಿದ್ದರೇ ವಾಸಿಯಿತ್ತು. ಆ ತಿಂಗಳ ಕೊನೆಗೆ ಬೇಲಿಯ ಕೆಲಸ ಎಂದು ನಿಶ್ಚಯವಾಯಿತು.

ಅಲ್ಲಿಂದ ನೇರವಾಗಿ ಅಜ್ಜಿಯ ಹಟ್ಟಿಗೆ ಹೋದಳು. ಹೇಳಿದಳು. ಅಜ್ಜಿ ಒಂದು ಮರಿಯನ್ನು ಮಡಿಲಿಗೆ ಎತ್ತಿಕೊಂಡು ಅದರ ಕಿವಿ ಸವರಿದಳು.

"ನಮ್ಮದಾದ್ರೆ ನಮ್ಮದು. ಹೊತ್ಕೋತೀವಿ," ಎಂದಳು. "ಆದ್ರೆ ನಮ್ಮದೇ ಅಂತ ಗಟ್ಟಿ ಮಾಡ್ಕೊಂಡಿದೀಯ ತಾನೇ? ಇನ್ನೊಬ್ಬರ ತಪ್ಪು ಮೈಮೇಲೆ ಎಳ್ಕೊಳ್ಳೋದು ದೊಡ್ಡತನ ಅಲ್ಲ, ದಡ್ಡತನ."

"ಎಣಿಕೆ ಸರಿ ಇದೆ ಅಜ್ಜಿ."

"ಹಾಗಾದ್ರೆ ಸರಿ. ಊಟ ಮಾಡು." ಅಜ್ಜಿ ಮರಿಯನ್ನು ಕೆಳಗಿಳಿಸಿದಳು. ಸುಮ್ಮನೆ ಮಾತು ಬದಲಿಸಲೆಂದು, "ಆವತ್ತು ನೀನು ಕೆರೆ ಮಧ್ಯೆ ನಿಂತು ಕೈ ಬೀಸಿದ್ಯಲ್ಲ, ನನಗೆ ಎಷ್ಟು ಖುಷಿ ಆಯ್ತು ಗೊತ್ತಾ. ಅಲ್ಲೀವರೆಗೂ ಬರೀ ಬೆನ್ನು ಕಾಣ್ತಿತ್ತು. ಈ ಕಡೆಯಿಂದ ಆ ಕಡೆಗೆ ದಾಟಿ ತಿರುಗಿ ನಿಂತೆ ನೋಡು, ಆಗ ಮುಖ ಕಂಡಿತು" ಎಂದಳು.

ಕೆಸರಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈ ಕಡೆಯಿಂದ ಆ ಕಡೆಗೆ. ದಾಟುವ ಮೊದಲು ಕೊಳವೆಯ ಮೇಲ್ತುದಿ ಅವಳ ಬಲಕ್ಕಿತ್ತು. ಬಲಗೈಗೆ ಕೆಂಪು ಮುಚ್ಚಳ, ಎಡಗೈಗೆ ಕಪ್ಪು, ಇದು ವರ್ಷಗಟ್ಟಲೆ ರೂಢಿಯಾದ ಕೈ. ದಾಟಿದ ಮೇಲೂ ಕೈ ಅದನ್ನೇ ಮಾಡಿತ್ತು. ಆದರೆ ಆಗ ಅವಳ ಬಲಕ್ಕೆ ಇದ್ದದ್ದು ಕೊಳವೆಯ ಕೆಳತುದಿ.

ಇದು ನಿಜವಾದರೆ ಮೂರನೆಯ ಕೊಳವೆಯ ಕಥೆಯನ್ನು ಬಾಲದಿಂದ ತಲೆಗೆ ಓದಿದ ಹಾಗಾಗಿತ್ತು. ಆದರೆ ನೆನಪು ಸಾಕ್ಷಿಯಲ್ಲ. ಅದರಲ್ಲೂ ತನ್ನ ಮನೆಯವರನ್ನು ಉಳಿಸುವ ನೆನಪು.

ಅವಳು ತಣ್ಣನೆಯ ಕೋಣೆಗೆ ಒಬ್ಬಳೇ ಹೋಗಲಿಲ್ಲ. ಮೇಷ್ಟ್ರನ್ನು ಕರೆಸಿದಳು. ವಿಷಯ ಕೇಳಿದ್ದೇ ಅವರ ಮುಖ ಬಿಗಿಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉತ್ತರ ಹಿಡಿಸ್ಲಿಲ್ಲ ಅಂತ ಕೊಳವೆ ತಿರುಗಿಸ್ತೀಯಾ?"

"ಡೊಂಕಾಗಿದ್ರೆ ನೆಲ ಅಲ್ಲ ಸರ್, ನನ್ನ ಕೈ. ನಾನೇನೂ ಹೇಳಲ್ಲ, ಮುಟ್ಟೋದೂ ಇಲ್ಲ. ನೀವೇ ಬಿಚ್ಚಿ ನೋಡಿ."

ಅಕ್ಕ ಮೂರೂ ಹೋಳುಗಳನ್ನು ಮೇಜಿನ ಮೇಲೆ ಕೆಂಪು ಮುಚ್ಚಳ ಮೇಲಾಗಿ ಇಟ್ಟಳು. ಮೇಷ್ಟ್ರು ಸುತ್ತಿದ್ದ ಹಾಳೆಯನ್ನು ತಾವೇ ಬಿಚ್ಚಿದರು. ಕಂದು ಕೆಸರು, ಅದರಲ್ಲಿ ಕಪ್ಪು, ಬೂದು ಗೆರೆಗಳು. "ಕೊಳವೆಯನ್ನ ಕೆಸರಿಗೆ ಒತ್ತುವಾಗ," ಎಂದು ಅಕ್ಕ ಶುರುಮಾಡಿದಳು, "ಗೋಡೆಗೆ ತಾಗಿದ ಕೆಸರು ಅದರ ಜೊತೆ ಒಂಚೂರು ಕೆಳಕ್ಕೆ ಎಳೆದುಕೊಂಡು ಹೋಗುತ್ತೆ ಮೇಷ್ಟ್ರೇ. ನಡುವಿನದು ಹಾಗೇ ನಿಲ್ಲುತ್ತೆ. ಗೆರೆಗಳು ಹೇಗೆ ಬಾಗಿವೆ ನೋಡಿ."

ಮೊದಲ ಹೋಳಿನಲ್ಲಿ ಪ್ರತಿ ಗೆರೆಯೂ ಕಮಾನಿನ ಹಾಗೆ ನಡುವೆ ಉಬ್ಬಿ ಎರಡೂ ಅಂಚಿನಲ್ಲಿ ಕೆಳಕ್ಕಿಳಿದಿತ್ತು. ಎರಡನೆಯದರಲ್ಲೂ ಕಮಾನು. ಮೇಷ್ಟ್ರು ಬೆರಳಿನಿಂದ ಗಾಳಿಯಲ್ಲೇ ಆ ಬಾಗು ಬರೆಯುತ್ತ ಮೂರನೆಯದಕ್ಕೆ ಬಂದರು. ಬೆರಳು ನಿಂತಿತು. ಅಲ್ಲಿ ಒಂದೇ ಒಂದು ಕಮಾನಿರಲಿಲ್ಲ. ಎಲ್ಲ ಗೆರೆಯೂ ತೊಟ್ಟಿಲಿನಂತೆ ನಡುವೆ ಇಳಿಬಿದ್ದಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ತೊಟ್ಟಿಲು ತೊಟ್ಟಿಲಾಗಿಯೇ ಇತ್ತು.

"ತಲೆಕೆಳಗಾಗಿದೆ," ಎಂದರು. ಅವರ ಬಾಯಿಂದಲೇ ಬಂತು. ಕೂಡಲೇ, "ಆದ್ರೂ ನನಗೆ ಸಾಲದು. ಎರಡೂ ತುದಿಯ ಚೂರಿನ ಕಾಲ ಗೊತ್ತಾಗಬೇಕು. ನಾನೇ ಕತ್ತರಿಸ್ತೀನಿ, ನಾನೇ ಕಳಿಸ್ತೀನಿ."

"ಅದನ್ನೇ ಕೇಳಬೇಕು ಅಂತಿದ್ದೆ ಸರ್," ಎಂದಳು ಕೆಸರಮ್ಮ. ಮೇಷ್ಟ್ರ ಮೇಲೆ ಅವಳಿಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ನಾಲ್ಕನೇ ತರಗತಿಯಿಂದ ಅಲ್ಲಿಯತನಕ ಭಯವಷ್ಟೇ ಇತ್ತು.

ಬೇಲಿ ಮುಂದಕ್ಕೆ ಹೋಯಿತು. ಫಲಿತಾಂಶ ಮೇಷ್ಟ್ರ ವಿಳಾಸಕ್ಕೇ ಬಂತು. ಕಪ್ಪು ಮುಚ್ಚಳದ ತುದಿ ಹೊಸದು, ಕೆಂಪು ಮುಚ್ಚಳದ ತುದಿ ಹಳೆಯದು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಈಗ ಕೆರೆ ಸರಿಯಾದ ಕ್ರಮದಲ್ಲಿ ಮಾತಾಡಿತು. ಎಲ್ಲಕ್ಕಿಂತ ಕೆಳಗೆ, ಸಾವಿರಾರು ವರ್ಷ ಹಿಂದೆ, ಹುಲ್ಲು. ಗುಡ್ಡದ ತುಂಬ ಬರೀ ಹುಲ್ಲು. ಹಿಕ್ಕೆಯ ಬೂಷ್ಟಿನ ಸುಳಿವೂ ಇಲ್ಲ. ಮಳೆ ಕೈಕೊಟ್ಟ ಕಾಲದಲ್ಲಿ ಕೆರೆಯಂಚಿನ ಜೊಂಡು ಕುಗ್ಗಿತ್ತು, ಮಳೆ ಸುರಿದ ಕಾಲದಲ್ಲಿ ಹಿಗ್ಗಿತ್ತು. ಆದರೆ ಎಷ್ಟೇ ಮಳೆ ಬರಲಿ, ಆ ಗಾಳಿಗುಡ್ಡದ ತೆಳು ಮಣ್ಣನ್ನು ಮರಗಳು ಹತ್ತಿರಲಿಲ್ಲ. ಕುರಿ ಬರುವುದಕ್ಕೆ ಎಷ್ಟೋ ಮುಂಚೆಯೇ ಅದು ಹುಲ್ಲುಗುಡ್ಡವಾಗಿತ್ತು. ಕಾಡನ್ನು ಯಾರೂ ತಿಂದಿರಲಿಲ್ಲ, ತಿನ್ನಲು ಕಾಡೇ ಇರಲಿಲ್ಲ.

ಕೆಸರಮ್ಮ ಸ್ಲೈಡಿನ ಮುಂದೆ ಕೂತು ಅತ್ತಳು. ನಾಲ್ಕನೇ ತರಗತಿಯಲ್ಲಿ ಬಾಕಿ ಉಳಿದಿದ್ದ ಅಳು ಅದು. ಆಮೇಲೆ ಮುಖ ತೊಳೆದು ಬಂದು ಉಳಿದದ್ದನ್ನೂ ನೋಡಿದಳು.

ಏಕೆಂದರೆ ಉಳಿದದ್ದೊಂದಿತ್ತು. ಕೆಳಗಿನ ಪದರಗಳಲ್ಲಿ ಹುಲ್ಲಿನ ನಡುವೆ ಒಂದೇ ಜಾತಿಯ ಮರದ ಪರಾಗ ಸಿಕ್ಕಿತ್ತು. ನೀರಿನಲ್ಲಿ ಕಾಲಿಟ್ಟು ನಿಲ್ಲುವ ಮರ, ಗುಡ್ಡ ಹತ್ತುವಂಥದ್ದಲ್ಲ. ಗುಡ್ಡದಿಂದ ಕೆರೆಗೆ ಇಳಿಯುವ ತೊರೆಯ ಎರಡೂ ದಂಡೆಗೆ ಒಂದು ಸಾಲು ಇದ್ದಿರಬೇಕು. ಹಿಕ್ಕೆಯ ಬೂಷ್ಟು ಕಾಣಿಸಿಕೊಂಡ ಮೇಲೆ ಆ ಮರ ಇಳಿಯುತ್ತ ಇಳಿಯುತ್ತ ಅಳಿದಿತ್ತು. ನೀರು ಕುಡಿಯಲು ಬಂದ ಮಂದೆ ಸಸಿಗಳನ್ನು ಉಳಿಸಿರಲಿಲ್ಲ.

ಅಕ್ಕ ದನಿ ತಗ್ಗಿಸಿದಳು. "ಸಮಿತಿ ಕೇಳಿದ್ದು ಗುಡ್ಡದ ಬಗ್ಗೆ ಕಣೇ. ತೊರೆ ಮರದ ಮಾತು ಯಾರೂ ಕೇಳಿಲ್ಲ. ಬಿಟ್ಟುಬಿಡೋಣ್ವಾ?"

"ಹಿಕ್ಕೆ ನಮ್ಮ ಪರ ಹೇಳಿದಾಗ ನಂಬಿ ಅಂತೀನಿ. ನಮ್ಮ ವಿರುದ್ಧ ಹೇಳಿದಾಗ ಬಾಯಿ ಮುಚ್ಚು ಅನ್ಲಾ?" ಕೆಸರಮ್ಮ ನಕ್ಕಳು. "ಅಜ್ಜಿಗೆ ಗೊತ್ತಾದ್ರೆ ಗೊರಸು ಕತ್ತರಿಸೋ ಹಾಗೆ ನನ್ನ ನಾಲಿಗೆ ಕತ್ತರಿಸ್ತಾಳೆ."

ಸಭೆ ನಡೆದದ್ದು ಅದೇ ನಾಲ್ಕನೇ ತರಗತಿಯ ಕೋಣೆಯಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದರು. ಅಜ್ಜಿ ಮುಂದಿನ ಬೆಂಚಿನಲ್ಲಿ, ಮೈಯೆಲ್ಲ ಉಣ್ಣೆಯ ವಾಸನೆ, ಬೆನ್ನು ನೆಟ್ಟಗೆ. ಕೆಸರಮ್ಮ ಕಪ್ಪುಹಲಗೆಯ ಮೇಲೆ ಮೂರು ಕೊಳವೆ ಬರೆದು ಎಲ್ಲವನ್ನೂ ಹೇಳಿದಳು. ಮುಚ್ಚಳ ಅದಲುಬದಲು ಮಾಡಿದ್ದು ತಾನೇ ಎಂದಳು. ಗುಡ್ಡದ ಹುಲ್ಲು ಕುರಿಗಿಂತ ಹಿರಿಯದು ಎಂದಳು. ಅಷ್ಟಕ್ಕೆ ಚಪ್ಪಾಳೆ ಶುರುವಾಗಿತ್ತು. ಅವಳು ಕೈ ಅಡ್ಡ ಹಿಡಿದು, ತೊರೆಯ ಮರಗಳ ಮಾತನ್ನೂ ಹೇಳಿದಳು. "ಅದು ಮಾತ್ರ ನಮ್ಮವರ ಕುರಿ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಮೇಷ್ಟ್ರು ಎದ್ದರು. ಎಲ್ಲರೂ ಅವರನ್ನೇ ನೋಡಿದರು. ಅವರು ಹಲಗೆಯ ಹತ್ತಿರ ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ತಮ್ಮ ಹಳೆಯ ದುಂಡು ಅಕ್ಷರದಲ್ಲಿ "ಗುಡ್ಡ ಯಾವಾಗಲೂ ಹುಲ್ಲುಗುಡ್ಡವೇ ಆಗಿತ್ತು" ಎಂದು ಬರೆದರು. "ಇದು ಪಾಠದ ಮೊದಲ ಸಾಲು. ಮುಂದಿನದನ್ನ ಇವಳು ಬರೀತಾಳೆ," ಎಂದು ಸೀಮೆಸುಣ್ಣವನ್ನು ಕೆಸರಮ್ಮನ ಕೈಗಿಟ್ಟು, ಹೋಗಿ ಅಜ್ಜಿಯ ಪಕ್ಕ ಬೆಂಚಿನಲ್ಲಿ ಕೂತರು.

ಅಜ್ಜಿ ಎದ್ದು ನಿಂತಳು. "ಬೇಲಿ ತಂತಿ ತಂದಿಟ್ಟಿದೀರಂತೆ. ಗುಡ್ಡಕ್ಕೆ ಬೇಡ, ತೊರೆಗೆ ಹಾಕೋಣ. ಕುರಿಗೆ ನೀರು ಕುಡಿಯೋಕೆ ಒಂದು ದಾರಿ ಬಿಟ್ಟರೆ ಸಾಕು. ಸಸಿ ನಾವೇ ನೆಡ್ತೀವಿ. ತಿಂದೋರು ನಾವು, ನೆಡೋರೂ ನಾವೇ."

ಕೆಸರಮ್ಮ ಆ ಮುದಿ ಬೆನ್ನನ್ನೇ ನೋಡುತ್ತ ನಿಂತಳು. ಇಡೀ ಕೋಣೆಯಲ್ಲಿ ಅಷ್ಟು ಎತ್ತರದವರು ಬೇರೆ ಯಾರೂ ಇಲ್ಲ ಎನ್ನಿಸಿತು. ಇವಳ ಮೊಮ್ಮಗಳು ನಾನು ಎಂದು ಕೂಗಿ ಹೇಳಬೇಕೆನ್ನಿಸಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ, ಅಂದು ನಕ್ಕವರಲ್ಲೇ ಒಬ್ಬನಿರಬೇಕು, ಮೆಲ್ಲಗೆ ಗೊಣಗಿದ. "ಅಂತೂ ಕಾಡು ತಿಂದವರು ತಿಂದವರೇ."

ಅಜ್ಜಿಗೆ ವಯಸ್ಸಾಗಿತ್ತು, ಕಿವಿಗೆ ಆಗಿರಲಿಲ್ಲ. ನಿಧಾನವಾಗಿ ಅವನತ್ತ ತಿರುಗಿದಳು.

"ಕಾಡಲ್ಲಪ್ಪ, ಒಂದು ಸಾಲು ಮರ," ಎಂದಳು. "ನನ್ನ ಮೊಮ್ಮಗಳು ಇಷ್ಟು ವರ್ಷ ಕೂತು ಎಣಿಸಿದಾಳೆ. ಬಯ್ಯೋದಾದ್ರೆ ಸರಿಯಾದ ಲೆಕ್ಕದಲ್ಲಿ ಬಯ್ಯಿ."